ಬಾಗಿಲಿಗೆ ಬಣ್ಣ ಬಳಿದ ಕಾರು

ನಮ್ಮ ಉಎದಾ ಊರಿನಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿದ ಸುಮಿಯೆ ಅಕ್ಕ, ರಜೆಯ ದಿನ ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿ ಬೆಟ್ಟ ಹತ್ತುತ್ತಿದ್ದರು. ಎಡಮಂಡಿ ಕ್ಲಚ್ ಒತ್ತಲಾಗದಷ್ಟು ಕೆಟ್ಟಾಗ ಕಾರು ಮಾರಲು ಹೊರಟರು. ಒಳ್ಳೆಯವರ ಕೈಗೆ ಹೋದರೆ ಸಾಕೆಂದು ಒಂಬತ್ತೇ ಲಕ್ಷ ಯೆನ್ ಎಂದು ಜಾಹೀರಾತು ಕೊಟ್ಟರು.

ಮೂವರು ಬಂದರು. ಮೂವರೂ ಕಾರಿನಡಿ ಬಗ್ಗಿ ಟಾರ್ಚ್ ಹಾಕಿ ನೋಡಿದರು. "ಇಷ್ಟು ಕಮ್ಮಿನಾ? ಆಕ್ಸಿಡೆಂಟ್ ಆಗಿತ್ತಾ?" ಎಂದು ಕೇಳಿ ಹೊರಟುಹೋದರು. ಸುಮಿಯೆಗೆ ಅವಮಾನವಾಯಿತು.

ಕಾರು ರಿಪೇರಿಯ ಹನಾಒಕಾ ನಕ್ಕ. "ಅಕ್ಕಾ, ಪುಕ್ಕಟೆ ಕೊಡೋರನ್ನ ಯಾರು ನಂಬ್ತಾರೆ? ಇಂಥವು ಈಗ ಎಷ್ಟಕ್ಕೆ ಹೋಗ್ತಿವೆ, ನೋಡೋಣ ಬಾ."

ಬೇರೆ ಜಾಹೀರಾತುಗಳಲ್ಲಿ ಅದೇ ವರ್ಷ ತಯಾರಾದ ಇಂಥ ಕಾರುಗಳು ಹದಿನೇಳು ಲಕ್ಷದ ಆಸುಪಾಸಿನಲ್ಲಿದ್ದವು. ಇದಕ್ಕೆ ತುಕ್ಕಿಲ್ಲ, ಕ್ಲಚ್ ಹೊಸದು. ಆದರೆ ಒಮ್ಮೆ ಕಂಬಕ್ಕೆ ಉಜ್ಜಿ, ಎಡಬಾಗಿಲಿಗೆ ಮತ್ತೆ ಬಣ್ಣ ಬಳಿಸಿದ್ದರು.

"ಅದನ್ನೂ ಬರೀತೀನಿ" ಎಂದರು ಸುಮಿಯೆ.

"ಬರಿ. ಆದ್ರೆ ಅದಕ್ಕೆ ಅರ್ಧ ಬೆಲೆ ಇಳಿಸ್ಬೇಡ."

ಬಾಗಿಲಿನ ಬಣ್ಣದ ವಿಷಯವನ್ನೂ ಸೇರಿಸಿ, ಹದಿನಾರು ಲಕ್ಷ ಎಂದು ಬರೆದರು. ಆ ಭಾನುವಾರವೇ ಮಾತ್ಸುಮೊತೊ ಊರಿನ ನರ್ಸ್ ಒಬ್ಬಳು ಬಂದು, ಓಡಿಸಿ ನೋಡಿ, ಎಡಬಾಗಿಲು ಸವರಿದಳು.

"ಈ ಬಣ್ಣಕ್ಕೆ ಎಷ್ಟು ಬಿಡ್ತೀರಾ?"

"ಅದನ್ನ ಬಿಟ್ಟೇ ಬೆಲೆ ಹೇಳಿದೀನಮ್ಮ."

ಹುಡುಗಿ ನಕ್ಕು ಒಪ್ಪಿದಳು. ಕಾಗದಪತ್ರವೆಲ್ಲ ಮುಗಿದು ಅವಳು ಕಾರು ಒಯ್ದ ದಿನ, ಸುಮಿಯೆ ರಸ್ತೆಯಲ್ಲೇ ನಿಂತು ಎಂಜಿನ್ ಸದ್ದಿಗೆ ಕಿವಿಗೊಟ್ಟರು. ಏರಿನಲ್ಲಿ ಅವಳು ಸರಿಯಾದ ಹೊತ್ತಿಗೆ ಗೇರ್ ಇಳಿಸಿದ್ದು ಕೇಳಿಸಿತು. ಕಣ್ಣೊರೆಸಿಕೊಂಡು ಒಳಗೆ ಹೋದರು.