ಹನ್ನೆರಡು ಮಂದಿಯ ಫೋಟೊ

ಮೇಷ್ಟ್ರ ಬಲಗೈ ತೋರುಬೆರಳು ತುದಿಯಲ್ಲಿ ಸೊಟ್ಟಗಿತ್ತು. ಹುಬ್ಬಳ್ಳಿಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಕಲಿಸುತ್ತ, ಪೆನ್ಸಿಲ್ ಒತ್ತಿ ಒತ್ತಿ ಹಾಗಾಯಿತಂತೆ. ಜನರನ್ನು ಎಣಿಸುವಾಗ ಆ ಬೆರಳು ಗಾಳಿಯಲ್ಲಿ ಬಣ್ಣದ ಚುಕ್ಕೆ ಇಡುವಂತೆ ಮೆಲ್ಲಗೆ ಕುಟ್ಟುತ್ತಿತ್ತು.

ಸ್ವೀಡನ್ನಿನಲ್ಲಿ, ಸ್ಟಾಕ್‌ಹೋಮಿನ ಪಕ್ಕದ ಸುಂಡ್‌ಬೀಬರ್ಯ್‌ನಲ್ಲಿ ನಮ್ಮ ಮೇಲಿನ ಮಹಡಿಯಲ್ಲಿದ್ದ ತಮ್ಮ ಮಗಳ ಮನೆಗೆ ಅವರು ಬಂದಿದ್ದರು. ನಮ್ಮಂಥ ಬೆಂಗಳೂರಿನವರ ನಡುವೆ ಹುಬ್ಬಳ್ಳಿ ಮಾತನ್ನು ಅದುಮಿಟ್ಟುಕೊಂಡು ಅಳೆದು ಮಾತಾಡುತ್ತಿದ್ದರು. ಚಿತ್ರದ ಮುಂದೆ ನಿಂತಾಗ ಮಾತ್ರ ಆ ಎಚ್ಚರ ತಪ್ಪುತ್ತಿತ್ತು.

ಸ್ಟಾಕ್‌ಹೋಮಿನ ಮ್ಯೂಸಿಯಮ್ಮಿಗೆ ಅವರನ್ನು ನಾನೇ ಕರೆದುಕೊಂಡು ಹೋಗಿದ್ದೆ. ಅಲ್ಲೊಂದು ಮುನ್ನೂರು ವರ್ಷ ಹಳೆಯ ಫ್ರೆಂಚ್ ಚಿತ್ರ: ಸಂಜೆಯ ತೋಟ, ರೇಷ್ಮೆ ಉಡುಪಿನ ಗಂಡು ಹೆಣ್ಣುಗಳು, ಗಿಟಾರ್ ಹಿಡಿದವನೊಬ್ಬ, ಕಿವಿಯಲ್ಲಿ ಪಿಸುಗುಡುವ ಪ್ರೇಮಿಗಳು. ಹಳೆಯ ಪುಸ್ತಕದಿಂದ ಕತ್ತರಿಸಿದ ಅದರ ಕಪ್ಪು ಬಿಳುಪು ಅಚ್ಚನ್ನು ತರಗತಿಯ ಗೋಡೆಗೆ ಅಂಟಿಸಿಯೇ ಅವರು ಪಾಠ ಮಾಡಿದ್ದು. ಬೆರಳು ಕುಟ್ಟಿತು. ನಿಂತಿತು. ಮತ್ತೆ ಮೊದಲಿನಿಂದ ಕುಟ್ಟಿತು.

"ತಂಗೀ, ಹತ್ತು ಮಂದಿ ಅದಾರ!"

"ಇದ್ರೆ ಏನಾಯ್ತು ಮೇಷ್ಟ್ರೇ?"

"ಏನಾತು ಅಂತೀಯಲ್ಲ! ಮೂವತ್ತು ವರ್ಷ ಒಂಬತ್ತು ಅಂತ ಕಲಿಸೀನಿ. ನೋಡಿಲ್ಲೆ, ಮರದ ಕತ್ತಲದಾಗ ಒಬ್ಬಾಕಿ ನಿಂತಾಳ. ಅಚ್ಚಿನ್ಯಾಗ ಆಕಿ ಬರೇ ಕರೀ ಮಸಿ ಆಗಿದ್ಲು."

ಕಾವಲಿನ ಹೆಂಗಸು ಹಿಂದೆ ಸರಿಯುವಂತೆ ಸನ್ನೆ ಮಾಡಿದಳು. "ಸಾರಿ ತಾಯಿ" ಎಂದು ಸರಿದರು. ಕಣ್ಣು ಒದ್ದೆಯಾಗಿತ್ತು. ಫಿಕಾಗೆಂದು, ಅಂದರೆ ಇಲ್ಲಿನವರ ಕಾಫಿ ವಿರಾಮಕ್ಕೆಂದು, ಕಪ್ಪು ಹಿಡಿದು ಕೂತಾಗಲೂ ಅದೇ ಮಾತು: "ಬೆಳಕಿನ್ಯಾಗ ಇರೋರನ್ನ ಯಾರ ಬೇಕಾದ್ರೂ ಎಣಸ್ತಾರ. ಕತ್ತಲದಾಗಿನವರನ್ನ ಹುಡುಕಬೇಕು."

ಅಂದಿನಿಂದ ಬಸ್ಸಿನಲ್ಲಿ, ಯುಗಾದಿ ಊಟದಲ್ಲಿ, ಎಲ್ಲಿ ನಾಲ್ಕು ಜನ ಸೇರಿದರೂ ಎಣಿಸತೊಡಗಿದರು. "ಬಂದ್ರಪ್ಪ ಸೆನ್ಸಸ್‌ನೋರು" ಎಂದು ನನ್ನ ಗಂಡ ಛೇಡಿಸುತ್ತಿದ್ದ. ಮೇಷ್ಟ್ರೂ ನಗುತ್ತಿದ್ದರು, ಎಣಿಕೆ ಮುಗಿಸಿದ ಮೇಲೆ.

ಜೂನ್‌ನ ಒಂದು ಭಾನುವಾರ ನಾಲ್ಕು ಮನೆಯವರು ಸರೋವರದ ದಂಡೆಯಲ್ಲಿ ಚಾಪೆ ಹಾಸಿ, ಪುಳಿಯೋಗರೆ ತಿಂದು ಕೂತಿದ್ದೆವು. ಗುಂಪಿನ ಫೋಟೊ ತೆಗೆಯಲು ನಾನು ಎದ್ದೆ.

"ತಡಿ ತಂಗೀ."

"ಮೇಷ್ಟ್ರೇ, ಎಣಿಸೋದು ಆಮೇಲೆ. ಪ್ಲೀಸ್, ಈ ಕಡೆ ನೋಡಿ" ಎಂದು ಸಿಡುಕಿ ಒತ್ತಿಯೇಬಿಟ್ಟೆ.

"ನಿನ್ನ ಬಿಟ್ಟು ಹನ್ನೆರಡ ಮಂದಿ ಅದೀವಿ, ಹದಿಮೂರ ಇರಬೇಕಿತ್ತು. ನಿನ್ನ ಸಣ್ಣಾಕಿ ಎಲ್ಲಿ?"

ನನ್ನ ಮಗಳಿಗೆ ಆಗ ಐದು ವರ್ಷ. ಎಲ್ಲರೂ ಅವಳ ಹೆಸರು ಕೂಗುತ್ತ, ಬಿಸಿಲು ಬಿದ್ದ ಮರಳಿನ ಕಡೆ, ನೀರು ಚೆನ್ನಾಗಿ ಕಾಣುವ ಕಡೆ ಓಡಿದೆವು. ಮೇಷ್ಟ್ರೊಬ್ಬರು ಮಾತ್ರ, ಮರಗಳು ನೀರಿನ ಮೇಲೆ ಬಾಗಿ ಕತ್ತಲಾಗಿದ್ದ ಮೂಲೆಗೆ ಓಡಿದರು.

"ಇಲ್ಲೇ ಅದಾಳ! ಬರ್ರೀ!"

ಬಾತುಕೋಳಿಯ ಹಿಂದೆ ಹೋಗಿದ್ದಳಂತೆ. ನಾನು ತಲುಪುವಾಗ ಮೇಷ್ಟ್ರು ಬೂಟುಗಾಲಲ್ಲೇ ಎದೆಮಟ್ಟದ ನೀರಿನಲ್ಲಿದ್ದರು. ಮಗಳು ಅವರ ಹೆಗಲ ಮೇಲಿದ್ದಳು. ಒಂದು ಕ್ಷಣ ಅಲುಗಲಿಲ್ಲ. ಆಮೇಲೆ ಕೆಮ್ಮಿದಳು, ಅತ್ತಳು.

ಆ ಒಂದು ಕ್ಷಣ ನನಗಿನ್ನೂ ಮುಗಿದಿಲ್ಲ. ಪಾತ್ರೆ ತೊಳೆಯುವಾಗ, ಟ್ರೇನಿಗೆ ಕಾಯುವಾಗ ಮತ್ತೆ ಅಲ್ಲಿಗೇ ಹೋಗಿ ನಿಲ್ಲುತ್ತೇನೆ. ಅವಳು ಕೆಮ್ಮುವವರೆಗೆ ನನಗೂ ಉಸಿರಿಲ್ಲ.

ಮರುದಿನ, ಸಿಡುಕಿದ್ದಕ್ಕೆ ಕ್ಷಮೆ ಕೇಳಲು ಮೇಲೆ ಹೋದೆ. ಬಾಯಿ ತೆರೆದರೆ ಅಳುವೇ ಬಂತು. ಮೇಷ್ಟ್ರು ಬೂಟಿನೊಳಗೆ ಪೇಪರ್ ತುರುಕಿ ಒಣಗಿಸುತ್ತ ಕೂತಿದ್ದರು. ಇನ್ನೊಂದು ಹಾಳೆ ಮುದುರುತ್ತ, "ಫೋಟೊ ಚಲೋ ಬಂದದೇನು?" ಎಂದರು. ಅಷ್ಟೇ.

ಹೋದ ಚಳಿಗಾಲದಲ್ಲಿ ಹುಬ್ಬಳ್ಳಿಯಲ್ಲಿ ಅವರು ತೀರಿಕೊಂಡರು. ಆ ಫೋಟೊ ನಾನು ಅಳಿಸಿಲ್ಲ. ಹಸಿರು ಹುಲ್ಲು, ಬಣ್ಣದ ಉಡುಪುಗಳು, ಹಿಂದೆ ನೀರು. ಹನ್ನೊಂದು ಮಂದಿ ನನ್ನನ್ನು ನೋಡಿ ನಗುತ್ತಿದ್ದಾರೆ. ಹನ್ನೆರಡನೆಯವರು ಮಾತ್ರ ಸೊಟ್ಟ ಬೆರಳೆತ್ತಿ, ಮುಖ ತಿರುಗಿಸಿ, ಮರಗಳ ಕತ್ತಲನ್ನು ನೋಡುತ್ತಿದ್ದಾರೆ.

ಎಣಿಸುತ್ತೇನೆ. ಹನ್ನೆರಡು. ಆಮೇಲೆ ತಲೆಯೆತ್ತಿ, ಮೇಜಿನ ಬಳಿ ಚಿತ್ರ ಬಿಡಿಸುತ್ತ ಕೂತ ಮಗಳನ್ನು ನೋಡುತ್ತೇನೆ. ಹದಿಮೂರು.