ಬಿಚ್ಚದೆ ಎಸೆದ ಬಟಾಣಿ ಸಿಪ್ಪೆ

ಆಗ ನಾವು ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೆವು. ಚಳಿಗಾಲ ಬಂದರೆ ಮನೆಯೆಲ್ಲ ಹಸಿ ಬಟಾಣಿಯ ವಾಸನೆ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ನನಗೆ ಅಡುಗೆಮನೆಯ ಕೆಲಸ. ಒಂದನೇ ಕ್ಲಾಸಿನ ತಂಗಿ ಚಿನ್ನಿಗೆ ಕಸದ ಕೆಲಸ. ಅದನ್ನು ಅವಳೇ ವಹಿಸಿಕೊಂಡಿದ್ದಳು. ಹಸಿ ಕಸ ಬೇರೆ, ಒಣ ಕಸ ಬೇರೆ ಇಡಬೇಕು ಎಂದು ಟೀಚರ್ ಹೇಳಿದ್ದೇ ತಡ, ನಮ್ಮ ಮನೆಗೆ ಎರಡು ಬಕೆಟ್ ಬಂದವು.

ತರಕಾರಿ ಸಿಪ್ಪೆ ಬೀದಿಯ ಹಸುವಿಗೆ. ಅಲ್ಲಿ ಎಲ್ಲರೂ ಅದನ್ನು ಪನ್ನಿಯಲ್ಲಿ, ಅಂದರೆ ತೆಳು ಪ್ಲಾಸ್ಟಿಕ್ ಚೀಲದಲ್ಲಿ, ಗಂಟು ಕಟ್ಟಿ ಹಸುವಿನ ಮುಂದೆ ಎಸೆದು ಕೈ ಮುಗಿಯುತ್ತಿದ್ದರು. ಚಿನ್ನಿ ಮಾತ್ರ ಬರಿ ಸಿಪ್ಪೆ ಸುರಿದು, ಪನ್ನಿ ವಾಪಸ್ ತಂದು, ತೊಳೆದು ಹಗ್ಗಕ್ಕೆ ಒಣಹಾಕುತ್ತಿದ್ದಳು.

"ಏನೇ ಪನ್ನಿ ಮೇಡಂ, ಇಸ್ತ್ರಿನೂ ಮಾಡ್ತೀಯಾ?" ಎಂದು ಪಕ್ಕದ ಮನೆಯ ಮೈಸೂರು ಆಂಟಿ ನಗುತ್ತಿದ್ದರು.

"ಪನ್ನಿ ಹೊಟ್ಟೇಲಿ ಸಿಕ್ಕಿ ಅಟಕ್ ಆಗತ್ತೆ ಆಂಟಿ! ಗಾಯ್ ಮರ್ ಜಾಯೇಗಿ, ಹಸು ಸತ್ತೋಗತ್ತೆ!" ಎನ್ನುತ್ತಿದ್ದಳು ಇವಳು.

ಒಂದು ದಿನ ಅವಳಿಗೆ ಜ್ವರ. "ಅಕ್ಕಾ, ಪನ್ನಿ ಬಿಚ್ಚಿ ಹಾಕು, ಹಾಂ?" ಎಂದಳು. ಹೊರಗೆ ಮಂಜು, ಕೈ ಸೆಟೆಯುವ ಚಳಿ. ಕೆಳಗಿಳಿಯಲು ಬೇಸರವಾಗಿ ಬಟಾಣಿ ಸಿಪ್ಪೆಯ ಗಂಟನ್ನು ಬಾಲ್ಕನಿಯಿಂದಲೇ ಎಸೆದೆ. ಬಿಳಿ ಹಸು ಪನ್ನಿ ಸಮೇತ ಅಗಿಯಿತು. ನಾನು ನೋಡುತ್ತಲೇ ನಿಂತಿದ್ದೆ.

ಮರುದಿನ ಅದು ಹೊಟ್ಟೆ ಉಬ್ಬಿಸಿಕೊಂಡು, ಏದುಸಿರು ಬಿಡುತ್ತ ಗೇಟಿನ ಮುಂದೆ ಬಿದ್ದಿತ್ತು.

"ಬಿಚ್ಚಿದ್ದೆ ತಾನೇ ಅಕ್ಕಾ?"

"ಬಿಚ್ಚಿದ್ದೆ ಕಣೇ."

ಅವಳು ತಕ್ಷಣ ನಂಬಿದಳು. ನಂಬಿ, ತಪ್ಪನ್ನು ತನ್ನ ಮೇಲೆ ಎಳೆದುಕೊಂಡಳು. "ಹಾಗಾದ್ರೆ ಮೊನ್ನೆ ನಾನೇ ಯಾವ್ದೋ ಪನ್ನಿ ಬಿಟ್ಬಿಟ್ಟಿದೀನಿ. ಮೈನೇ ಮಾರಾ, ನಾನೇ ಸಾಯ್ಸಿದೆ" ಎಂದು ಅಳತೊಡಗಿದಳು. ಮಧ್ಯಾಹ್ನ ಊಟ ಮುಟ್ಟಲಿಲ್ಲ. ಅಮ್ಮ ಎಷ್ಟು ರಮಿಸಿದರೂ ಕೇಳಲಿಲ್ಲ.

ಹಾಲಿನ ಭಯ್ಯಾ ಬಂದು ಸಾಸಿವೆ ಎಣ್ಣೆಗೆ ಇಂಗು, ಓಮ ಕಲಸಿ ಹಸುವಿಗೆ ಕುಡಿಸಿ, ಹೊಟ್ಟೆ ತಿಕ್ಕಿದ. ಸಂಜೆಯ ಹೊತ್ತಿಗೆ ಅದು ದೊಡ್ಡದಾಗಿ ತೇಗಿ, ತಡವರಿಸುತ್ತ ಎದ್ದು ನಿಂತಿತು. "ಬಚ್ ಗಯೀ ಬೇಟಿ!" ಹಸು ಉಳಿಯಿತು ಮಗಳೇ, ಎಂದು ಅವನು ಚಿನ್ನಿಯ ತಲೆ ಸವರಿದ. ನಾನು ಎಸೆದ ಪನ್ನಿ ಇನ್ನೂ ಅದರ ಹೊಟ್ಟೆಯಲ್ಲೇ ಇತ್ತೋ ಏನೋ. ಆದರೂ ಅದು ಬದುಕಿತ್ತು, ಬಾಲ ಆಡಿಸುತ್ತಿತ್ತು.

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹೋದ ಉಸಿರು ಬಂದ ಹಾಗಾಯಿತು. ಅದರ ಜೊತೆ ಮಾತೂ ಬಂತು.

"ಚಿನ್ನಿ, ನಾನು ಬಿಚ್ಚಿರಲಿಲ್ಲ."

ಹೊಡೆಯುತ್ತಾಳೆ ಅಂದುಕೊಂಡೆ. ಅವಳು ಕಣ್ಣು ಅರಳಿಸಿ, "ಅಚ್ಛಾ... ಹಾಗಾದ್ರೆ ನಾನಲ್ವಾ?" ಎಂದಳು. "ಅಮ್ಮಾ, ಭೂಖ್ ಲಗೀ! ಅನ್ನ ಹಾಕು!" ಎಂದು ಕೂಗುತ್ತ ಒಳಗೆ ಓಡಿದಳು. ಅವತ್ತು ನಾನೂ ಹೊಟ್ಟೆ ತುಂಬ ಉಂಡೆ.

ಈಗ ಆ ಕ್ವಾರ್ಟರ್ಸ್ ಇಲ್ಲ, ಎತ್ತರದ ಕಟ್ಟಡಗಳೆದ್ದಿವೆ. ಅದಕ್ಕೆ ನನಗೆ ಅಷ್ಟೇನೂ ಬೇಸರವಿಲ್ಲ. ಚಿನ್ನಿಗೂ ನನ್ನ ಮೇಲೆ ಯಾವ ಸಿಟ್ಟೂ ಉಳಿದಿಲ್ಲ. ಆದರೆ ಆ ಚಳಿಗಾಲದ ನಂತರ ಅವಳು ಯಾವ ಕೆಲಸಕ್ಕೂ ನನ್ನನ್ನು "ಮಾಡಿದೆಯಾ ಅಕ್ಕಾ?" ಎಂದು ಕೇಳಲಿಲ್ಲ. ತಾನೇ ಹೋಗಿ ನೋಡಿಕೊಂಡು ಬರುತ್ತಿದ್ದಳು.