ಅಮ್ಮನ ಕೆಂಪು ನೆಲ ಮತ್ತು ಮೊಲದ ಕಾಲು

ನನ್ನನ್ನು ಒಂದು ಕಡೆ ಕೂರಿಸುವುದು ನಮ್ಮ ಮನೆಯಲ್ಲಿ ಯಾರಿಂದಲೂ ಆಗಿರಲಿಲ್ಲ. ಊಟದ ತಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು ಹಿತ್ತಲಿಗೂ ಗೇಟಿಗೂ ಓಡಾಡುತ್ತಿದ್ದೆ. "ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದಾಳೆ" ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಅಂಥ ನನಗೆ, ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ, ಡಿಗ್ರಿ ಪರೀಕ್ಷೆ ಮುಗಿದು ರಿಸಲ್ಟ್ ಬಾರದೆ ಮನೆಯಲ್ಲಿ ಕೊಳೆಯುತ್ತಿದ್ದಾಗ, ಕಾಲು ಮುರಿದುಕೊಂಡ ಮೊಲವನ್ನು ಅಲ್ಲಾಡದಂತೆ ನೋಡಿಕೊಳ್ಳುವ ಕೆಲಸ ಬಂದು ಗಂಟುಬಿತ್ತು. ದೇವರಿಗೆ ಇಂಥ ತಮಾಷೆಗಳು ಇಷ್ಟ ಅಂತ ಕಾಣುತ್ತದೆ.

ಮೊಲ ಬಂದದ್ದು ಅಪ್ಪನಿಂದ. ಜಯನಗರ ಫೋರ್ತ್ ಬ್ಲಾಕಿಗೆ ಹುರುಳಿಕಾಯಿ ತರಲು ಹೋದವರು ಬಿದಿರು ಬುಟ್ಟಿಯಲ್ಲಿ ಬಿಳಿ ಮೊಲದ ಮರಿ ತಂದಿದ್ದರು. ಹುರುಳಿಕಾಯಿ ಮರೆತಿದ್ದರು. "ರೀ, ಸಾರಿಗೆ ಇದನ್ನ ಹಾಕ್ಲಾ?" ಎಂದು ಅಮ್ಮ ಕೇಳಿದಳು. ನಾವು ಈರುಳ್ಳಿಯನ್ನೇ ವಾರ ನೋಡಿ ತಿನ್ನುವ ಜನ. ಅಪ್ಪ ಪೆಚ್ಚಾಗಿ ನಕ್ಕರು. ಒಂದು ತಿಂಗಳು ಕಳೆಯುವಷ್ಟರಲ್ಲಿ ಅದು ಅಮ್ಮನ ಸೆರಗಿನ ಹಿಂದೆಯೇ ಸುತ್ತುತ್ತಿತ್ತು. ಕೊತ್ತಂಬರಿ ಸೊಪ್ಪು ಬಿಡಿಸುವವಳು ಅವಳೇ ತಾನೆ.

ಇನ್ನು ಅಮ್ಮನ ನೆಲದ ವಿಷಯ ಹೇಳಲೇಬೇಕು. ಬನಶಂಕರಿ ಸೆಕೆಂಡ್ ಸ್ಟೇಜಿನ ನಮ್ಮ ಮನೆಗೆ ಕಟ್ಟಿಸಿದಾಗಿನಿಂದ ರೆಡ್ ಆಕ್ಸೈಡ್ ನೆಲ. ಬೀದಿಯಲ್ಲಿ ಎಲ್ಲರೂ ಮೊಸಾಯಿಕ್ ಕಿತ್ತು ಮಾರ್ಬಲ್ ಹಾಕಿಸುತ್ತಿದ್ದರೂ ಅಮ್ಮ ಜಗ್ಗಲಿಲ್ಲ. ಶುಕ್ರವಾರ ಬಂತೆಂದರೆ ನೆಲ ಒರೆಸಿ, ಆರಿದ ಮೇಲೆ ಅಪ್ಪನ ಹಳೇ ಪಂಚೆಯ ತುಂಡಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ, ಮಂಡಿಯೂರಿ ಉಜ್ಜುತ್ತಿದ್ದಳು. ಹಬ್ಬ ಹತ್ತಿರವಾದರೆ ಡಬ್ಬದ ಮೇಣದ ಪಾಲಿಶ್ ಈಚೆ ಬರುತ್ತಿತ್ತು. "ನಿಮ್ಮನೇಲಿ ಕನ್ನಡಿ ಯಾಕ್ರೀ, ನೆಲ ನೋಡ್ಕೊಂಡೇ ತಲೆ ಬಾಚ್ಕೋಬಹುದು" ಎಂದು ಎದುರು ಮನೆ ಆಂಟಿ ಪ್ರತಿ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಬಂದಾಗ ಹೇಳುತ್ತಿದ್ದರು. ಆ ಒಂದು ಮಾತಿಗಾಗಿ ಅಮ್ಮ ವರ್ಷವಿಡೀ ಕಾಯುತ್ತಿದ್ದಳೋ ಏನೋ. ಆ ನೆಲಕ್ಕೆ ಒಂದೇ ಶತ್ರು, ನಿಂತ ನೀರು. ಒದ್ದೆ ಲೋಟ ಇಟ್ಟು ಮರೆತರೆ ಬಿಳಿ ಕಲೆ ಕೂತುಬಿಡುತ್ತಿತ್ತು. ಇಟ್ಟವರಿಗೆ ಮಂಗಳಾರತಿ ಆಗುತ್ತಿತ್ತು.

ಮೊಲ ಕಾಲು ಮುರಿದುಕೊಂಡದ್ದು ಆ ನೆಲದ ಮೇಲೆಯೇ. ಒಂದು ಬೆಳಗ್ಗೆ ಕುಕ್ಕರ್ ಕೂಗಿತು. ಅಡುಗೆಮನೆ ಹೊಸಿಲ ಬಳಿ ಮಲಗಿದ್ದ ಮೊಲ ಬೆದರಿ ಹಾಲ್‌ಗೆ ನೆಗೆಯಿತು. ಹಿಂಗಾಲುಗಳು ಎರಡು ದಿಕ್ಕಿಗೆ ಜಾರಿ, ಬಲಗಾಲು ಮಂಚದ ಕಾಲಿಗೆ ಬಡಿಯಿತು. ಮೊಲ ಕಿರುಚುತ್ತದೆ ಎಂದು ನನಗೆ ಆ ದಿನದವರೆಗೂ ಗೊತ್ತಿರಲಿಲ್ಲ. ಈಗಲೂ ಕುಕ್ಕರ್ ಕೂಗುವ ಮೊದಲು ನಾನು ಸುತ್ತ ಒಮ್ಮೆ ನೋಡುತ್ತೇನೆ.

ಟವೆಲಿನಲ್ಲಿ ಸುತ್ತಿ, ಆಟೋದಲ್ಲಿ ಜೆ.ಪಿ. ನಗರದ ಪ್ರಾಣಿ ಡಾಕ್ಟರ ಬಳಿಗೆ ಹೋದೆ. "ಮೊಲಕ್ಕೂ ಆಸ್ಪತ್ರೆನಾ ಮೇಡಂ?" ಎಂದು ಆಟೋದವನು ಕನ್ನಡಿಯಲ್ಲಿ ನೋಡಿ ಕೇಳಿದ. "ನೀವು ರಸ್ತೆ ನೋಡಿ" ಎಂದೆ. ಡಾಕ್ಟರು ಎಕ್ಸ್-ರೇ ತೆಗೆಸಿ, ಪಟ್ಟಿ ಬಿಗಿದು, ಕಟ್ಟು ಬಿಚ್ಚುವವರೆಗೂ ಒಂದು ನೆಗೆತವೂ ಕೂಡದು ಎಂದರು. ಮೊಲ ಊಟ ಬಿಟ್ಟರೆ ಬೇಗ ಹೋಗಿಬಿಡುತ್ತದೆ, ಹಿಕ್ಕೆ ಹಾಕುತ್ತಿದೆಯಾ ನೋಡಿಕೊಳ್ಳುತ್ತಿರಿ ಎಂದೂ ಹೇಳಿದರು.

ಫ್ರಿಜ್ ಬಂದ ಮೇಲೆ ಅಟ್ಟ ಸೇರಿದ್ದ, ಹಾಲು ಮೊಸರು ಇಡುತ್ತಿದ್ದ ಜಾಲರಿ ಬೀರುವನ್ನು ಅಪ್ಪ ಕೆಳಗಿಳಿಸಿ, ಅಂಗಾತ ಮಲಗಿಸಿ ಗೂಡು ಮಾಡಿದರು. ಮೊಲ ಅದರೊಳಗೆ, ನಾನು ಅದರ ಹೊರಗೆ. ಇಬ್ಬರಿಗೂ ಜೈಲು. ಕಾಲು ಸುಟ್ಟ ಬೆಕ್ಕಿನ ಹಾಗೆ ನಾನು ಬೀರುವಿನ ಸುತ್ತ ತಿರುಗುತ್ತಿದ್ದೆ. ಪುಸ್ತಕ ತೆರೆದರೆ ಅದು ಪಟ್ಟಿ ಕಡಿಯುವ ಸದ್ದು. ಎದ್ದು ಗದರಿದರೆ ಸುಮ್ಮನಾಗುವುದು. ಕೂತರೆ ಮತ್ತೆ ಕರಕರ. ಗೇಟಿನ ಬಳಿ ಪೋಸ್ಟ್‌ಮ್ಯಾನ್ ಸೈಕಲ್ಲಿನ ಬೆಲ್ ಕೇಳಿದರೆ ಓಡುತ್ತಿದ್ದೆ, ಅಷ್ಟರಲ್ಲಿ ಹಿಂದಿನಿಂದ ಜಾಲರಿಗೆ ಒದೆಯುವ ಸದ್ದು ಬಂದರೆ ಅರ್ಧ ದಾರಿಯಿಂದಲೇ ವಾಪಸ್ಸು. ಅಪ್ಪ ಪಾರ್ಕಿನ ಅಂಚಿನಿಂದ ಗರಿಕೆ ಕಿತ್ತು ತರುತ್ತಿದ್ದರು. ಅದನ್ನು ತಿಂದಿತೋ ಇಲ್ಲವೋ, ಹಿಕ್ಕೆ ಗಟ್ಟಿಯೋ ಮೆತ್ತಗೋ, ಇದೇ ನಮ್ಮ ಮನೆಯ ವಾರ್ತೆ.

ಕೊನೆಗೊಂದು ಶನಿವಾರ ಕಟ್ಟು ಬಿಚ್ಚಿದರು. ಮೂಳೆ ಕೂಡಿತ್ತು. ಆದರೆ ಕಾಲು ಕಡ್ಡಿಯಾಗಿತ್ತು. "ಇನ್ಮೇಲೆ ನಡೆಸ್ಬೇಕು. ಕಾಲು ಊರದೇ ಇದ್ರೆ ಮಾಂಸ ಎಲ್ಲ ಸೊರಗೋಗುತ್ತೆ. ಎಳ್ಕೊಂಡು ಹುಣ್ಣಾಯ್ತು ಅಂದ್ರೆ ಕಾಲೇ ತೆಗೀಬೇಕಾಗುತ್ತೆ" ಎಂದರು ಡಾಕ್ಟರು. "ಮುಂದಿನ ಶನಿವಾರ ಕರ್ಕೊಂಬನ್ನಿ, ನೋಡೋಣ. ಜಾರೋ ನೆಲದ ಮೇಲೆ ಮಾತ್ರ ಬಿಡ್ಬೇಡಿ."

ಮನೆಗೆ ಬಂದು ಬಾಗಿಲು ತೆರೆದರೆ ಮೇಣದ ವಾಸನೆ. ಹಾಲಿನ ನೆಲ ಥಳಥಳ ಹೊಳೆಯುತ್ತಿತ್ತು. ನಾವು ಆಸ್ಪತ್ರೆಯಲ್ಲಿದ್ದಷ್ಟು ಹೊತ್ತೂ ಅಮ್ಮ ಮಂಡಿಯೂರಿ ಇಡೀ ಮನೆಗೆ ಪಾಲಿಶ್ ಹೊಡೆದಿದ್ದಳು. ಮುಖವೆಲ್ಲ ಬೆವರು. "ಪಾಪ, ಹಸಿ ಕಾಲು. ಒಂದು ಚೂರು ಧೂಳೂ ತಾಗ್ಬಾರ್ದು ಅಂತ ಉಜ್ಜಿದೀನಿ. ಬಿಡು ಈಗ, ಓಡಾಡ್ಲಿ" ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. "ನಿಂಗೆ ಮೊಲಕ್ಕಿಂತ ಈ ನೆಲಾನೇ ಹೆಚ್ಚು!" ಎಂದು ಕೂಗಿಬಿಟ್ಟೆ. ಅಮ್ಮ ಬಟ್ಟೆಯ ತುಂಡನ್ನು ಮಡಚಿಕೊಂಡು ಒಳಗೆ ಹೋದಳು.

ಜಮಖಾನ ಹಾಸಿದೆವು. ಮೊಲ ಒಂದು ಹೆಜ್ಜೆ ಇಟ್ಟಿತು, ಜಮಖಾನವೇ ಮೊಲವನ್ನು ಹೊತ್ತುಕೊಂಡು ಮೇಣದ ಮೇಲೆ ಸರ್ರನೆ ಸರಿಯಿತು. ಅಲ್ಲಿಗೆ ಮುಗಿಯಿತು. ಮೊಲ ಬಲಗಾಲನ್ನು ಹೊಟ್ಟೆಯಡಿ ಮಡಚಿಕೊಂಡು ಮೂರು ಕಾಲಿನ ಮೇಲೆ ಕಲ್ಲಿನಂತೆ ನಿಂತಿತು. ಅಂಗಳವೆಲ್ಲ ಮಳೆಗೆ ಕೆಸರು. ಪಾಲಿಶ್ ಸೋಪಿನ ನೀರಲ್ಲಿ ತೊಳೆದುಬಿಡೋಣ ಎಂದೆ ನಾನು. "ಶುಕ್ರವಾರ ವರಮಹಾಲಕ್ಷ್ಮಿ. ಹಬ್ಬ ಮುಗೀಲಿ" ಎಂದಳು ಅಮ್ಮ. ಹಬ್ಬದ ಮಾರನೆ ದಿನವೇ ಡಾಕ್ಟರು ಎಂದೆ ನಾನು. ಅವಳು ಬಗ್ಗಲಿಲ್ಲ, ನಾನೂ ಬಿಡಲಿಲ್ಲ. "ತಾಯಿಗೂ ಮಗಳಿಗೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು" ಎಂದು ಅಪ್ಪ ಪೇಪರಿನ ಹಿಂದಿನಿಂದ ಅಂದರು. ಆಮೇಲೆ ಮೊಲದ ಕಡೆ ನೋಡಿ ಬಾಯಿ ಮುಚ್ಚಿಕೊಂಡರು. ಯಾರಿಗೂ ನಗು ಬರಲಿಲ್ಲ.

ಆ ವಾರ ನನಗೆ ನಿದ್ದೆಯೂ ಸರಿಯಿಲ್ಲ, ಊಟವೂ ಸರಿಯಿಲ್ಲ. ಕಾಲನ್ನು ಕೈಯಲ್ಲಿ ಹಿಡಿದು ನೀವುತ್ತಿದ್ದೆ. ಬಿಟ್ಟರೆ ಮತ್ತೆ ಮಡಚಿಕೊಳ್ಳುತ್ತಿತ್ತು. ಓಡಬೇಕಾದದ್ದು ಕೂತಿದೆ, ಕೂತು ಕಾಯಬೇಕಾದ ನಾನು ಮನೆಯೊಳಗೆ ಮೈಲಿಗಟ್ಟಲೆ ನಡೆಯುತ್ತಿದ್ದೇನೆ. ನನ್ನ ಕಾಲಿನಲ್ಲಿದ್ದದ್ದನ್ನು ಅದಕ್ಕೆ ಕೊಡುವ ಹಾಗಿದ್ದರೆ ಎಂದು ಹುಚ್ಚುಹುಚ್ಚಾಗಿ ಯೋಚಿಸುತ್ತಿದ್ದೆ.

ಹಬ್ಬದ ಬೆಳಗ್ಗೆ ಮಳೆ ಬಿಟ್ಟಿತ್ತು. ಗರಿಕೆ ತಿನ್ನಲಿ ಎಂದು ಮೊಲವನ್ನು ಎತ್ತಿಕೊಂಡು ಹಿತ್ತಲಿಗೆ ಹೊರಟೆ. ಚಪ್ಪಲಿ ಮೆಟ್ಟಲು ಅದನ್ನು ಹಿತ್ತಲ ಬಾಗಿಲಲ್ಲಿ, ಬಚ್ಚಲಿನಿಂದ ಬಂದವರು ಕಾಲೊರೆಸಿಕೊಳ್ಳುವ ಒದ್ದೆ ಗೋಣಿಚೀಲದ ಮೇಲೆ ಇಳಿಸಿದೆ. ಅದು ಮೂಸಿತು. ಮೈ ಸಡಿಲಿಸಿತು. ಆಮೇಲೆ ಮಡಚಿದ್ದ ಕಾಲನ್ನು ನಿಧಾನವಾಗಿ ಬಿಟ್ಟು, ಬೆರಳ ತುದಿಯನ್ನು ಗೋಣಿಯ ನೇಯ್ಗೆಗೆ ತಾಗಿಸಿತು. ಮುಂದಿನ ಕ್ಷಣ ಮತ್ತೆ ಮೇಲೆತ್ತಿಕೊಂಡಿತು. ತಲೆ ಎತ್ತಿದರೆ ಎದುರಿಗೆ ಅಮ್ಮ, ರೇಷ್ಮೆ ಸೀರೆಯಲ್ಲಿ, ಕೈಯಲ್ಲಿ ಕಳಶಕ್ಕಿಡುವ ತೆಂಗಿನಕಾಯಿ. ಅವಳೂ ನೋಡಿದ್ದಳು. ಹಾಗೇ ಪೂಜೆಗೆ ಹೋದಳು.

ಪೂಜೆ ಮುಗಿಯಿತು, ಊಟ ಮುಗಿಯಿತು. ಮಧ್ಯಾಹ್ನ ಬಚ್ಚಲಿನಲ್ಲಿ ನೀರಿನ ಸದ್ದು. ನೋಡಿದರೆ ಅಮ್ಮ ರೇಷ್ಮೆ ಸೀರೆಯ ನೆರಿಗೆ ಮೇಲಕ್ಕೆ ಸಿಕ್ಕಿಸಿಕೊಂಡು, ಸ್ಟೋರಿನಲ್ಲಿದ್ದ ಅಕ್ಕಿಯ ಖಾಲಿ ಗೋಣಿಚೀಲಗಳನ್ನೆಲ್ಲ ನೆನೆಸಿ ಹಿಂಡುತ್ತಿದ್ದಳು. ಒಂದನ್ನು ತಂದು ಹಾಲಿನ ನಟ್ಟನಡುವೆ, ಲಕ್ಷ್ಮಿಯ ಮಂಟಪದ ಮುಂದೆಯೇ ಹಾಸಿದಳು. ಒದ್ದೆ ಗೋಣಿ ಮೇಣದ ನೆಲವನ್ನು ಗಪ್ಪನೆ ಹಿಡಿದುಕೊಂಡಿತು, ಒಂದಿಷ್ಟೂ ಜರುಗಲಿಲ್ಲ.

"ಅಮ್ಮಾ, ನೆಲ ಬೆಳ್ಳಗಾಗೋಗುತ್ತೆ" ಎಂದೆ. ಇಡೀ ವಾರ ಜಗಳವಾಡಿದ್ದ ನಾನೇ ಹಾಗೆ ಹೇಳಿದೆ.

"ಗೊತ್ತು. ನೀನು ಆ ತುದಿ ಹಿಡಿ."

ಅಡುಗೆಮನೆ ಹೊಸಿಲಿನಿಂದ ಮುಂಬಾಗಿಲವರೆಗೆ ಗೋಣಿಯ ದಾರಿಯಾಯಿತು. ಸಂಜೆ ಅರಿಶಿನ ಕುಂಕುಮಕ್ಕೆ ಬೀದಿಯ ಹೆಂಗಸರೆಲ್ಲ ಬಂದರು. ಎದುರು ಮನೆ ಆಂಟಿ ಬಾಗಿಲಲ್ಲೇ ನಿಂತು, "ಇದೇನ್ರೀ ಹಬ್ಬದ ದಿನ ಗೋಣಿಚೀಲ? ಸೋರ್ತಾ ಇದ್ಯಾ ಮನೆ?" ಎಂದರು. ಅಮ್ಮನ ಮುಖ ಕೆಂಪಾಯಿತು. "ಇಲ್ಲ ರೀ, ನಮ್ಮನೆ ಮೊಲ ನಡೀಬೇಕು. ಸ್ವಲ್ಪ ಆ ಪಕ್ಕಕ್ಕೆ ಕೂತ್ಕೊಳ್ಳಿ" ಎಂದಳು.

ನಾನು ಮಂಟಪದ ಬಳಿ ಗೋಣಿಯ ಒಂದು ತುದಿಯಲ್ಲಿ ಕೊತ್ತಂಬರಿ ಕಟ್ಟು ಹಿಡಿದು ಕೂತಿದ್ದೆ. ಇನ್ನೊಂದು ತುದಿಯಲ್ಲಿ ಮೊಲ. ಹೆಂಗಸರ ಮಾತು, ಬಳೆಗಳ ಸದ್ದು, ಮಂಟಪದ ಗಂಟೆ. ಅದು ಅಲ್ಲಾಡಲಿಲ್ಲ. ನನ್ನ ಕಾಲು ಜೋಮು ಹಿಡಿಯಿತು. ಎದ್ದು ಒಂದು ಸುತ್ತು ಓಡಾಡಿ ಬರಬೇಕೆಂದು ಮೈಯೆಲ್ಲ ಚಡಪಡಿಸುತ್ತಿತ್ತು. ಎದ್ದರೆ ಅದು ಬೆದರುತ್ತದೆ. ಹಲ್ಲು ಕಚ್ಚಿ ಕೂತೆ. ಯಾರೂ ಹಿಡಿದು ಕೂರಿಸದೆಯೇ ಅಷ್ಟು ಹೊತ್ತು ನಾನು ಕೂತದ್ದು ಜೀವನದಲ್ಲಿ ಅದೇ ಮೊದಲು.

ಮೊಲ ಮೂಗು ಅಲ್ಲಾಡಿಸಿತು. ಮುಂಗಾಲು ಇಟ್ಟಿತು. ಎಡಗಾಲು ಎಳೆದುಕೊಂಡಿತು. ಆಮೇಲೆ ಬಲಗಾಲು ಕೆಳಗಿಳಿದು, ಗೋಣಿಯ ಮೇಲೆ ಊರಿ, ನಡುಗಿ, ನಿಂತಿತು. ಇನ್ನೊಂದು ಹೆಜ್ಜೆ. ಕುಂಟುತ್ತಾ ನನ್ನ ಕಡೆಗೆ ಬರುತ್ತಿತ್ತು. ಎದುರು ಮನೆ ಆಂಟಿಯ ಹಣೆಗೆ ಕುಂಕುಮ ಇಡಲು ಹೋಗಿದ್ದ ಅಮ್ಮನ ಬೆರಳು ಗಾಳಿಯಲ್ಲೇ ನಿಂತಿತ್ತು.

"ಊರ್ತು ಕಣೇ," ಎಂದಳು ಅಮ್ಮ, ಬರೀ ಉಸಿರಿನಲ್ಲಿ. "ಕಾಲು ಊರ್ತು."

ನನಗೆ ಅಳು ಬಂತು. ಅಷ್ಟು ಜನರ ಮುಂದೆ ಅತ್ತುಬಿಟ್ಟೆ.

ಬಂದವರೆಲ್ಲ ತಾಂಬೂಲ ತೆಗೆದುಕೊಂಡು ಹೋದ ಮೇಲೆ ಗೋಣಿಗಳನ್ನು ಎತ್ತಿದೆವು. ಕೆಂಪು ನೆಲದ ನಡುವೆ ಅಡುಗೆಮನೆಯಿಂದ ಬಾಗಿಲವರೆಗೆ ಬಿಳಿಯ ಪಟ್ಟಿ. ಗೋಣಿಯ ಒಂದೊಂದು ಎಳೆಯೂ ಅಚ್ಚಾಗಿತ್ತು. ಅಮ್ಮ ಸೊಂಟದ ಮೇಲೆ ಕೈಯಿಟ್ಟು ಅದನ್ನೇ ನೋಡುತ್ತಾ ನಿಂತಳು. ನಾನು ಓಡಿಹೋಗಿ ಕೊಬ್ಬರಿ ಎಣ್ಣೆಯ ಬಟ್ಟಲು, ಪಂಚೆಯ ತುಂಡು ತಂದು ಮಂಡಿಯೂರಿದೆ. ಉಜ್ಜಲು ಶುರು ಮಾಡುವಷ್ಟರಲ್ಲಿ ಅಮ್ಮ ಬಟ್ಟೆಯನ್ನು ಕೈಯಿಂದ ಕಿತ್ತುಕೊಂಡಳು.

"ಎಣ್ಣೆ ಹಚ್ಬೇಡ್ವೇ, ಜಾರುತ್ತೆ. ನಾಳೆ ಡಾಕ್ಟ್ರ ಹತ್ರ ಹೋಗೋ ಮುಂಚೆ ಇನ್ನೊಂದ್ ಸಲ ನಡೆಸೋಣ" ಎಂದಳು. ಆಮೇಲೆ ಗೋಣಿಗಳನ್ನೆಲ್ಲ ಎತ್ತಿಕೊಂಡು, ಮತ್ತೆ ನೆನೆಹಾಕಲು ಬಚ್ಚಲಿಗೆ ಹೋದಳು.